ಗ್ರಿಡ್ ಸತ್ತಿತೇ? ಹಾಗಾದರೆ ಸಂಶೋಧನೆಗೆ ಏನು ಉಳಿದಿದೆ?

ಪ್ರಶ್ನೆ: ಮೇಡಂ, ನಾನು ಕೆಂಗೇರಿ ಕಡೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಎಂ.ಟೆಕ್. ಓದುತ್ತಿದ್ದೇನೆ. ನಮ್ಮ ಸಿಲಬಸ್‌ನಲ್ಲಿ ಕ್ಲಸ್ಟರ್, ಗ್ರಿಡ್, ಕ್ಲೌಡ್ ಅಂತ ಮೂರು ಅಧ್ಯಾಯಗಳಿವೆ. ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ಅಣ್ಣ, 'ಗ್ರಿಡ್ ಸತ್ತು ಎಷ್ಟೋ ವರ್ಷವಾಯ್ತು. ಈಗ ಎಲ್ಲಾ ಕ್ಲೌಡೇ. ಅದರಲ್ಲೂ ದೊಡ್ಡ ಕಂಪನಿಗಳು ಮಾಡುವುದನ್ನೆಲ್ಲ ಮಾಡಿ ಮುಗಿಸಿವೆ, ನಿನಗೆ ಏನೂ ಉಳಿದಿಲ್ಲ' ಅನ್ನುತ್ತಾನೆ. ಪ್ರಾಜೆಕ್ಟ್‌ಗೆ ಇದೇ ವಿಷಯ ತೆಗೆದುಕೊಳ್ಳಬೇಕೆಂದು ನನಗೆ ಆಸೆ. ಆದರೆ ಲ್ಯಾಬ್‌ನಲ್ಲಿರುವುದು ಮೂವತ್ತು ಹಳೆಯ ಡೆಸ್ಕ್‌ಟಾಪ್‌ಗಳು. ಇಷ್ಟರಲ್ಲಿ ಹೊಸದೇನಾದರೂ ಮಾಡಲು ಸಾಧ್ಯವೇ?

ಉತ್ತರ: ನಿಮ್ಮ ಅಣ್ಣನ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧವನ್ನು ಮೊದಲು ಒಪ್ಪಿಕೊಂಡುಬಿಡೋಣ. ಈ ಕ್ಷೇತ್ರದ ಮುಖ್ಯ ಸಮ್ಮೇಳನಗಳಲ್ಲಿ ಒಂದರ ಹೆಸರು ಸಿಸಿಗ್ರಿಡ್. 2001ರಲ್ಲಿ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ ಶುರುವಾದದ್ದು, 2023ರ ಮೇ ತಿಂಗಳಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಅದರ ಪೂರ್ತಿ ಹೆಸರಿನಲ್ಲಿ 'ಗ್ರಿಡ್' ಇದ್ದ ಜಾಗದಲ್ಲಿ ಈಗ 'ಇಂಟರ್ನೆಟ್' ಅಂತಿದೆ. ಹಳೆಯ ಮಾತು ಉಳಿದಿರುವುದು ಕರೆಯುವ ಹೆಸರಿನಲ್ಲಿ ಮಾತ್ರ. ಗ್ರಿಡ್ ಎಂಬ ಪದ ಬಳಕೆಯಿಂದ ಸರಿದದ್ದು ನಿಜ. ಗ್ರಿಡ್ ಕೇಳಿದ ಪ್ರಶ್ನೆಗಳು ಮಾತ್ರ ಎಲ್ಲಿಗೂ ಹೋಗಿಲ್ಲ.

ಆ ಪ್ರಶ್ನೆ ಏನೆಂದು ಹೇಳಲು ನಮ್ಮಜ್ಜಿಯ ಊರಿಗೆ ಹೋಗಬೇಕು. ಹೊಸಕೋಟೆ ತಾಲ್ಲೂಕಿನಲ್ಲಿ ಒಂದು ಕೆರೆ, ಅದರ ಕೆಳಗೆ ಗದ್ದೆಗಳು. ತೂಬು ಎತ್ತಿ ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ನೋಡಿಕೊಳ್ಳುತ್ತಿದ್ದವನು ನೀರುಗಂಟಿ. ಕೆರೆ ಒಂದೇ, ಗದ್ದೆ ಹಲವು. ಎಲ್ಲರಿಗೂ ತಮಗೇ ಮೊದಲು ಬೇಕು, ಬೇಕಾದ್ದಕ್ಕಿಂತ ಹೆಚ್ಚೇ ಬೇಕು. ಮಧ್ಯದಲ್ಲಿ ಕಾಲುವೆ ಒಡೆಯುತ್ತದೆ. ಕ್ಲಸ್ಟರ್, ಗ್ರಿಡ್, ಕ್ಲೌಡ್ ಮೂರರಲ್ಲೂ ಇರುವುದು ಇದೇ ತಕರಾರು, ನೀರಿನ ಬದಲು ಕಂಪ್ಯೂಟರ್‌ಗಳ ಲೆಕ್ಕಾಚಾರದ ಶಕ್ತಿ ಅಷ್ಟೇ. ಮೂರಕ್ಕೂ ವ್ಯತ್ಯಾಸ ಕೆರೆಯ ಒಡೆತನದಲ್ಲಿ. ಕ್ಲಸ್ಟರ್ ಎಂದರೆ ಒಂದೇ ಸಂಸ್ಥೆಯ ಕೆರೆ. ಗ್ರಿಡ್ ಎಂದರೆ ಹಲವು ಊರಿನವರು ತಂತಮ್ಮ ಕೆರೆಗಳನ್ನು ಕಾಲುವೆಯಿಂದ ಜೋಡಿಸಿಕೊಂಡದ್ದು. ಕ್ಲೌಡ್ ಎಂದರೆ ಒಬ್ಬ ದೊಡ್ಡ ಒಡೆಯ ಕೆರೆ ಕಟ್ಟಿ, ಮೀಟರ್ ಹಾಕಿ ನೀರು ಮಾರುವುದು.

ಈ ಕಥೆಯಲ್ಲಿ ಬೆಂಗಳೂರಿಗೆ ಹಳೆಯ ಪಾತ್ರವಿದೆ. 1986ರಲ್ಲೇ ನಮ್ಮ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಎನ್‌ಎಎಲ್, ಹಲವು ಪ್ರಾಸೆಸರ್‌ಗಳನ್ನು ಜೋಡಿಸಿ ಫ್ಲೋಸಾಲ್ವರ್ ಎಂಬ ಯಂತ್ರ ಮಾಡಿತ್ತು. ದ್ರವ ಮತ್ತು ಗಾಳಿಯ ಹರಿವಿನ ಲೆಕ್ಕ ಹಾಕುವ ಯಂತ್ರ ಅದು. ಸರ್ಕಾರದ ಕಂಪ್ಯೂಟಿಂಗ್ ಸಂಸ್ಥೆಯಾದ ಪುಣೆಯ ಸಿ-ಡ್ಯಾಕ್‌ನ ಸೂಪರ್‌ಕಂಪ್ಯೂಟರ್ ಪರಮ್ 8000 ಬಂದದ್ದು 1991ರಲ್ಲಿ. 1994ರಲ್ಲಿ ಅಮೆರಿಕದ ನಾಸಾದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅಂಗಡಿಯಲ್ಲಿ ಸಿಗುವ 16 ಸಾಧಾರಣ ಪ್ರಾಸೆಸರ್‌ಗಳನ್ನು ಈಥರ್ನೆಟ್ ಎಂಬ ಕೇಬಲ್ ಜಾಲದಿಂದ ಜೋಡಿಸಿ ಬೇವುಲ್ಫ್ ಎಂಬ ಕ್ಲಸ್ಟರ್ ಕಟ್ಟಿದರು. ಅಲ್ಲಿಂದ ಮುಂದೆ ಸೂಪರ್‌ಕಂಪ್ಯೂಟರ್ ಎಂದರೆ ಹೆಚ್ಚುಕಡಿಮೆ ಕ್ಲಸ್ಟರ್ ಎಂದೇ ಆಯಿತು. 2022ರಲ್ಲಿ ನಮ್ಮ ಐಐಎಸ್‌ಸಿಗೆ ಬಂದ 3.3 ಪೆಟಾಫ್ಲಾಪ್ ವೇಗದ ಸೂಪರ್‌ಕಂಪ್ಯೂಟರ್ ಪರಮ್ ಪ್ರವೇಗವೂ ಇದೇ ವಂಶದ್ದು. ನಿಮ್ಮ ಮೂವತ್ತು ಡೆಸ್ಕ್‌ಟಾಪ್‌ಗಳನ್ನು ಕೀಳಾಗಿ ನೋಡಬೇಡಿ ಎಂದು ಹೇಳುವುದಕ್ಕೇ ಇಷ್ಟೆಲ್ಲ ನೆನಪಿಸಿದೆ.

ಗ್ರಿಡ್ ಯಾಕೆ ಸೊರಗಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಪಠ್ಯಪುಸ್ತಕಗಳು ಇದನ್ನು ಹಾರಿಸಿಬಿಡುತ್ತವೆ. ಇಯಾನ್ ಫಾಸ್ಟರ್, ಕಾರ್ಲ್ ಕೆಸಲ್‌ಮನ್ ಮೊದಲಾದ ಕಂಪ್ಯೂಟರ್ ವಿಜ್ಞಾನಿಗಳು 1990ರ ದಶಕದ ಕೊನೆಗೆ ಈ ಹೆಸರನ್ನು ವಿದ್ಯುತ್ ಜಾಲದಿಂದ ತಂದರು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿಗೆ ಬಂತು. ಸ್ವಿಚ್ ಒತ್ತುವವರು ಯಾರೂ ಇದು ಯಾವ ಟರ್ಬೈನಿನ ಕರೆಂಟು ಎಂದು ಕೇಳುವುದಿಲ್ಲ. ಲೆಕ್ಕಾಚಾರದ ಶಕ್ತಿಯೂ ಹಾಗೇ ಗೋಡೆಯ ಪ್ಲಗ್ಗಿನಿಂದ ಬರಬೇಕು ಎಂಬುದು ಕನಸು. ಎಡವಟ್ಟಾದದ್ದು ಆ ಹೋಲಿಕೆಯಲ್ಲೇ. ಒಂದು ಯೂನಿಟ್ ಕರೆಂಟಿಗೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಆದರೆ ನನ್ನ ಜಾಬ್, ಅಂದರೆ ಓಡಿಸಬೇಕಾದ ಲೆಕ್ಕದ ಕೆಲಸ, ನಿಮ್ಮ ಯಂತ್ರಕ್ಕೆ ಬರುವಾಗ ಬರಿಗೈಲಿ ಬರುವುದಿಲ್ಲ. ಅದರ ಜೊತೆ ನನ್ನ ಡೇಟಾ ಬರಬೇಕು, ನಾನು ಬಳಸುವ ಸಾಫ್ಟ್‌ವೇರ್ ಲೈಬ್ರರಿಯ ಅದೇ ಆವೃತ್ತಿ ಅಲ್ಲಿರಬೇಕು, ನಾನು ಯಾರೆಂದು ನೀವು ನಂಬಬೇಕು. ನಮ್ಮ ದೇಶದ ಗ್ರಿಡ್ 'ಗರುಡ' 17 ನಗರಗಳ 45 ಸಂಸ್ಥೆಗಳನ್ನು ಜೋಡಿಸಿತ್ತು. ಬೈಯಪ್ಪನಹಳ್ಳಿ ಬಳಿಯ ಸಿ-ಡ್ಯಾಕ್‌ನವರು ಅದಕ್ಕಾಗಿ ಬಹಳ ದುಡಿದರು. ಇಂಥ ಜಾಲಗಳಲ್ಲಿ ತಂತಿ ಎಳೆಯುವುದು ಸುಲಭದ ಭಾಗ. ಅಷ್ಟೂ ಆಡಳಿತಗಾರರು ಒಂದೇ ನಿಯಮಕ್ಕೆ ಒಪ್ಪುವುದೇ ಕಷ್ಟದ ಭಾಗ.

ಕ್ಲೌಡ್ ಈ ಕಗ್ಗಂಟನ್ನು ಬಿಡಿಸಲಿಲ್ಲ, ಪಕ್ಕಕ್ಕಿಟ್ಟಿತು. ಒಡೆಯ ಒಬ್ಬನೇ ಆದರೆ ಒಪ್ಪಂದದ ಮಾತೇ ಬರುವುದಿಲ್ಲ. 2003ರಲ್ಲಿ ಕೇಂಬ್ರಿಡ್ಜ್‌ನಿಂದ ಬಂದ ಝೆನ್ ಎಂಬ ತಂತ್ರಾಂಶ ವರ್ಚುವಲ್ ಮಷೀನನ್ನು, ಅಂದರೆ ಒಂದು ಯಂತ್ರದೊಳಗೆ ತಂತ್ರಾಂಶದಿಂದಲೇ ಕಟ್ಟಿದ ಇನ್ನೊಂದು ಯಂತ್ರವನ್ನು, ಹಗುರ ಮಾಡಿತು. ಹಾಗಾಗಿ ಜಾಬ್ ತನಗೆ ಬೇಕಾದ ಇಡೀ ಪರಿಸರವನ್ನೇ ಹೊತ್ತುಕೊಂಡು ಬರುವಂತಾಯಿತು. 2006ರಲ್ಲಿ ಅಮೆಜಾನ್ ಇದನ್ನು ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಕೊಟ್ಟಿತು. ಆದರೆ ಹಲವು ಒಡೆಯರು ಇರಲೇಬೇಕಾದ ಕಡೆ ಗ್ರಿಡ್ ಇಂದಿಗೂ ಬದುಕಿದೆ. ಜಿನೀವಾ ಬಳಿಯ ಕಣ ಸಂಘರ್ಷಕ ಎಲ್‌ಎಚ್‌ಸಿಯ ಡೇಟಾವನ್ನು ಸುಮಾರು 170 ಕೇಂದ್ರಗಳ ಗ್ರಿಡ್ ಸಂಭಾಳಿಸುತ್ತಿದೆ. ಅದರಲ್ಲಿ ನಮ್ಮ ಸಂಶೋಧನಾ ಸಂಸ್ಥೆಗಳಾದ ಮುಂಬೈನ ಟಿಐಎಫ್‌ಆರ್, ಕೋಲ್ಕತ್ತದ ವಿಇಸಿಸಿ ಎರಡೂ ಇವೆ. ಆಸ್ಪತ್ರೆಗಳು ರೋಗಿಗಳ ಡೇಟಾವನ್ನು ಹೊರಗೆ ಕಳಿಸದೆ ಒಟ್ಟಾಗಿ ಒಂದು ಎಐ ಮಾಡೆಲ್ ಕಲಿಸುವ ಫೆಡರೇಟೆಡ್ ಲರ್ನಿಂಗ್ ಇದೆಯಲ್ಲ, ಅಲ್ಲೂ ಎದುರಾಗುವುದು ಅದೇ ಹಳೆಯ ಪ್ರಶ್ನೆ: ಬೇರೆ ಬೇರೆ ಒಡೆಯರು ಒಬ್ಬರನ್ನೊಬ್ಬರು ಎಷ್ಟು ನಂಬಬೇಕು?

ಈಗ ನೀರುಗಂಟಿಯ ಕೆಲಸಕ್ಕೆ, ಅಂದರೆ ಯಾರಿಗೆ ಯಾವಾಗ ಎಷ್ಟು ಯಂತ್ರ ಎಂದು ಹಂಚುವುದಕ್ಕೆ ಬರೋಣ. ನನಗೆ ಬಹಳ ಇಷ್ಟವಾದ ಭಾಗ ಇದು.

64 ನೋಡ್‌ಗಳ, ಅಂದರೆ 64 ಯಂತ್ರಗಳ, ಒಂದು ಕ್ಲಸ್ಟರ್ ಇದೆ ಎಂದುಕೊಳ್ಳಿ. 40 ನೋಡ್ ಹಿಡಿದ ಜಾಬ್ ಒಂದು ಇನ್ನೂ 3 ಗಂಟೆ ಓಡುತ್ತದೆ. ಸರದಿಯ ತಲೆಯಲ್ಲಿರುವ ಜಾಬ್‌ಗೆ 50 ಬೇಕು. ಖಾಲಿ ಇರುವುದು 24, ಅದು ಕಾಯಲೇಬೇಕು. ಅದರ ಹಿಂದೆ 20 ನೋಡ್, 2 ಗಂಟೆ ಕೇಳುವ ಚಿಕ್ಕ ಜಾಬ್ ನಿಂತಿದೆ. ಸರದಿ ಎಂದರೆ ಸರದಿ ಎಂದು ಹಠ ಹಿಡಿದರೆ 24 ನೋಡ್ 3 ಗಂಟೆ ಸುಮ್ಮನೆ ಬಿದ್ದಿರುತ್ತವೆ. ಚಿಕ್ಕದನ್ನು ಮುಂದೆ ಬಿಟ್ಟರೆ ದೊಡ್ಡದಕ್ಕೆ ಒಂದು ನಿಮಿಷವೂ ತಡವಾಗುವುದಿಲ್ಲ. ಇದನ್ನು ಬ್ಯಾಕ್‌ಫಿಲ್ ಅನ್ನುತ್ತಾರೆ. 1990ರ ದಶಕದ ಮಧ್ಯದಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ಉಪಾಯ ಇಂದಿಗೂ ಜಗತ್ತಿನ ಬಹುಪಾಲು ಸೂಪರ್‌ಕಂಪ್ಯೂಟರ್‌ಗಳ ಸರದಿಯನ್ನು ನಡೆಸುತ್ತಿದೆ.

ಇದು ನಿಂತಿರುವುದು ಒಂದು ನಂಬಿಕೆಯ ಮೇಲೆ: ಜಾಬ್ ಹಾಕಿದವರು ಹೇಳಿದ ಅವಧಿ ಸರಿ ಇರಬೇಕು. ಯಾರೂ ಸರಿ ಹೇಳುವುದಿಲ್ಲ. ಅವಧಿ ಮುಗಿದರೆ ಜಾಬನ್ನು ಕೊಂದುಹಾಕುತ್ತಾರೆ ಎಂಬ ಹೆದರಿಕೆಗೆ 2 ಗಂಟೆಯ ಕೆಲಸಕ್ಕೆ 24 ಗಂಟೆ ಬರೆಯುತ್ತಾರೆ. ನಾನು ಕ್ಲಸ್ಟರ್ ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಕೂರಿಸಿಕೊಂಡು ಎಷ್ಟು ಹೇಳಿದರೂ ಈ ಅಭ್ಯಾಸ ಹೋಗಲಿಲ್ಲ. ಅವರ ಹೆದರಿಕೆಯಲ್ಲಿ ತಪ್ಪೂ ಇರಲಿಲ್ಲ. ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದವರು 2007ರಲ್ಲಿ ಪ್ರಕಟಿಸಿದ ಕೆಲಸ ಅದಕ್ಕೇ ನನಗೆ ಅಷ್ಟು ಹಿಡಿಸಿತು. ಬಳಕೆದಾರರ ಅಂದಾಜನ್ನು ಜಾಬ್ ಕೊಲ್ಲುವ ಗಡಿಯಾಗಿ ಮಾತ್ರ ಇಟ್ಟುಕೊಳ್ಳಿ, ಸರದಿಯ ಲೆಕ್ಕಕ್ಕೆ ಅದೇ ವ್ಯಕ್ತಿಯ ಹಿಂದಿನ ಎರಡು ಜಾಬ್‌ಗಳು ಓಡಿದ ಸಮಯದ ಸರಾಸರಿ ತೆಗೆದುಕೊಳ್ಳಿ ಎಂದರು. ಹಿಂದಿನ ಎರಡು, ಅಷ್ಟೇ. ಫಲಿತಾಂಶ ಚೆನ್ನಾಗಿಯೇ ಬಂತು. ಒಳ್ಳೆಯ ಸಂಶೋಧನೆಗೆ ದೊಡ್ಡ ಗಣಿತವೇ ಬೇಕೆಂದಿಲ್ಲ. ಜನ ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡುವ ಕಣ್ಣು ಬೇಕು.

ಕ್ಲೌಡ್‌ಗೆ ಬಂದ ಮೇಲೂ ಜನ ಬದಲಾಗಲಿಲ್ಲ. 2014ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಸಂಶೋಧಕರು ಟ್ವಿಟರ್‌ನ ಸಾವಿರಾರು ಸರ್ವರ್‌ಗಳ ಒಂದು ಕ್ಲಸ್ಟರನ್ನು ನೋಡಿದರು. ಪ್ರಾಸೆಸರ್‌ಗಳ ಶೇ 80ರವರೆಗೆ ಯಾರಾದರೂ ಕಾದಿರಿಸಿಕೊಂಡಿದ್ದರು. ನಿಜವಾಗಿ ಬಳಕೆಯಾಗುತ್ತಿದ್ದದ್ದು ಶೇ 20ಕ್ಕಿಂತ ಕಡಿಮೆ. ಗದ್ದೆಗೆ ಬೇಕಾದ್ದಕ್ಕಿಂತ ನಾಲ್ಕು ಪಟ್ಟು ನೀರು ಕೇಳಿದ ಹಾಗೆ! ಮಾಡಿ ಮುಗಿಸಿವೆ ಎಂದು ನಿಮ್ಮ ಅಣ್ಣ ಹೇಳುವ ದೊಡ್ಡ ಕಂಪನಿಗಳ ಒಳಗೇ ಇದ್ದ ಸ್ಥಿತಿ ಇದು.

ಇನ್ನೊಂದು ಸಮಸ್ಯೆ ಬಾಲದ್ದು, ಅಂದರೆ ಎಲ್ಲಕ್ಕಿಂತ ಕೊನೆಗೆ ಬರುವ ಉತ್ತರದ್ದು. 2013ರಲ್ಲಿ ಗೂಗಲ್‌ನ ಜೆಫ್ ಡೀನ್ ಮತ್ತು ಲೂಯಿಝ್ ಬರೋಸೊ ಒಂದು ಲೆಕ್ಕ ಮುಂದಿಟ್ಟರು. ಒಂದು ಸರ್ವರ್ ನೂರು ಸಲದಲ್ಲಿ ಒಂದು ಸಲ ಮಾತ್ರ ಒಂದು ಸೆಕೆಂಡಿಗಿಂತ ತಡ ಮಾಡುತ್ತದೆ ಎಂದುಕೊಳ್ಳಿ. ಒಳ್ಳೆಯ ಸರ್ವರ್ ಅಂತಲೇ ಅನ್ನಿಸುತ್ತದೆ. ಆದರೆ ನಿಮ್ಮ ಒಂದು ಹುಡುಕಾಟಕ್ಕೆ ಇಂಥ 100 ಸರ್ವರ್‌ಗಳಿಂದ ಉತ್ತರ ಬರಬೇಕಾದರೆ, ಅವುಗಳಲ್ಲಿ ಒಂದಾದರೂ ತಡ ಮಾಡುವ ಸಂಭವ ಶೇ 63! ಮದುವೆ ಮನೆಯಲ್ಲಿ ನೂರು ಜನ ಬಂದ ಮೇಲೇ ಎಲೆ ಹಾಕುತ್ತೇವೆ ಎಂದು ಕೂತರೆ ಊಟ ಯಾವಾಗಲೂ ತಡವೇ. ಅವರು ಸೂಚಿಸಿದ ಪರಿಹಾರಗಳಲ್ಲಿ ಒಂದು ಸರಳವಾದದ್ದು. ಸ್ವಲ್ಪ ಹೊತ್ತು ಕಾದು ಉತ್ತರ ಬಾರದಿದ್ದರೆ ಅದೇ ಕೋರಿಕೆಯನ್ನು ಇನ್ನೊಂದು ಸರ್ವರ್‌ಗೂ ಕಳಿಸಿ, ಮೊದಲು ಬಂದ ಉತ್ತರ ತೆಗೆದುಕೊಳ್ಳುವುದು. ಅವರ ಒಂದು ಪರೀಕ್ಷೆಯಲ್ಲಿ 10 ಮಿಲಿಸೆಕೆಂಡು ಕಾದು ಹೀಗೆ ಮಾಡಿದ್ದರಿಂದ, ಸಾವಿರಕ್ಕೊಂದು ಬಾರಿ ಆಗುವ ಕೆಟ್ಟ ವಿಳಂಬ 1,800 ಮಿಲಿಸೆಕೆಂಡಿನಿಂದ 74ಕ್ಕೆ ಇಳಿಯಿತು. ಹೆಚ್ಚುವರಿ ಕೋರಿಕೆಗಳು ಶೇ 2 ಮಾತ್ರ.

ಕಾಲುವೆ ಒಡೆಯುವ, ಅಂದರೆ ಯಂತ್ರ ನಡುವೆ ಕೈಕೊಡುವ, ವಿಷಯಕ್ಕೆ ಬಂದರೆ ನನಗೆ ಒಬ್ಬ ಹುಡುಗನ ಮುಖ ನೆನಪಾಗುತ್ತದೆ. ನಾನಿದ್ದ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದ. ಆರು ದಿನದ ಜಾಬ್ ಐದನೆಯ ದಿನ ಕರೆಂಟು ಹೋಗಿ ಸತ್ತಿತು. ಯುಪಿಎಸ್ ಬ್ಯಾಟರಿ ಬದಲಿಸಬೇಕೆಂಬ ಅರ್ಜಿ ತಿಂಗಳುಗಳಿಂದ ಮೇಜಿಂದ ಮೇಜಿಗೆ ಓಡಾಡುತ್ತಿತ್ತು. ಚೆಕ್‌ಪಾಯಿಂಟ್ ಹಾಕುವುದನ್ನು ಅವನಿಗೆ ನಾನೂ ಕಲಿಸಿರಲಿಲ್ಲ, ಆ ನೋವು ಇನ್ನೂ ಇದೆ. ಚೆಕ್‌ಪಾಯಿಂಟ್ ಎಂದರೆ ಆಗಾಗ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಡುವುದು. ತೀರಾ ಪದೇಪದೇ ಬರೆದರೆ ಬರೆಯುವುದರಲ್ಲೇ ಸಮಯ ಹೋಗುತ್ತದೆ, ಅಪರೂಪಕ್ಕೆ ಬರೆದರೆ ಕೆಟ್ಟಾಗ ಬಹಳ ಕಳೆದುಹೋಗುತ್ತದೆ. ಎಷ್ಟು ಹೊತ್ತಿಗೊಮ್ಮೆ ಬರೆಯಬೇಕು ಎನ್ನುವುದಕ್ಕೆ 1974ರಲ್ಲೇ ಜಾನ್ ಯಂಗ್ ಸೂತ್ರ ಕೊಟ್ಟಿದ್ದಾರೆ. ಬರೆಯಲು ಹಿಡಿಯುವ ಸಮಯವನ್ನು ಯಂತ್ರ ಒಮ್ಮೆ ಕೆಟ್ಟು ಮತ್ತೊಮ್ಮೆ ಕೆಡುವುದರ ನಡುವಿನ ಸರಾಸರಿ ಸಮಯದಿಂದ ಗುಣಿಸಿ, ಅದರ ಎರಡರಷ್ಟರ ವರ್ಗಮೂಲ ತೆಗೆಯಿರಿ.

ಇದು ಹಳೆಯ ಸೂತ್ರ ಎಂದು ಬದಿಗಿಡಬೇಡಿ. ಮೆಟಾ ಕಂಪನಿ ಲಾಮಾ 3 ಎಂಬ ಎಐ ಮಾಡೆಲ್ ಕಲಿಸುವಾಗ 16,384 ಜಿಪಿಯುಗಳ (ಇಂಥ ಲೆಕ್ಕವನ್ನು ವೇಗವಾಗಿ ಮಾಡುವ ಚಿಪ್‌ಗಳ) ಮೇಲೆ 54 ದಿನಗಳಲ್ಲಿ 419 ಅನಿರೀಕ್ಷಿತ ತಡೆಗಳಾದವು ಎಂದು ತಾನೇ ಬರೆದುಕೊಂಡಿದೆ. ಅಂದರೆ ಸುಮಾರು 3 ಗಂಟೆಗೊಂದು. ಬರೆಯಲು 2 ನಿಮಿಷ ಬೇಕು ಎಂದುಕೊಂಡರೆ ಯಂಗ್ ಸೂತ್ರದಂತೆ ಸುಮಾರು 27 ನಿಮಿಷಕ್ಕೊಮ್ಮೆ ಚೆಕ್‌ಪಾಯಿಂಟ್ ಹಾಕಬೇಕು. ಅಷ್ಟು ಜಿಪಿಯುಗಳು ಪ್ರತಿ 27 ನಿಮಿಷಕ್ಕೆ 2 ನಿಮಿಷ ಕೈಕಟ್ಟಿ ಕೂರುವುದು ಎಷ್ಟು ದುಬಾರಿ ಎಂದು ನೀವೇ ಲೆಕ್ಕ ಹಾಕಿ. ಆ 2 ನಿಮಿಷವನ್ನು 2 ಸೆಕೆಂಡಿಗೆ ಇಳಿಸುವುದು ಹೇಗೆ, ಪಕ್ಕದ ಯಂತ್ರದ ಮೆಮೊರಿಯಲ್ಲೇ ಪ್ರತಿ ಇಡಬಹುದೇ ಎಂಬುದರ ಮೇಲೆ ಈಗ ಜೋರಾಗಿ ಕೆಲಸ ನಡೆಯುತ್ತಿದೆ.

ಜಿಪಿಯು ಮಾತು ಬಂದಿತಾದ್ದರಿಂದ ನಮ್ಮೂರಿನ ಒಂದು ಕೆಲಸವನ್ನು ಹೇಳಲೇಬೇಕು. ಇಲ್ಲಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದವರು ಹೊರಗಿನವರ ಜೊತೆ ಸೇರಿ 2018ರಲ್ಲಿ ಗಾಂಡೀವ ಎಂಬ ಶೆಡ್ಯೂಲರ್, ಅಂದರೆ ಜಾಬ್‌ಗಳ ಸರದಿ ನೋಡಿಕೊಳ್ಳುವ ತಂತ್ರಾಂಶ, ಪ್ರಕಟಿಸಿದರು. ನರಜಾಲ (ನ್ಯೂರಲ್ ನೆಟ್‌ವರ್ಕ್) ಕಲಿಸುವ ಜಾಬ್ ಒಂದೇ ಸುತ್ತನ್ನು ಲಕ್ಷಾಂತರ ಸಲ ಸುತ್ತುತ್ತದೆ. ಪ್ರತಿ ಸುತ್ತಿನ ಕೊನೆಯಲ್ಲಿ ಅದು ಬಳಸುವ ಮೆಮೊರಿ ತೀರಾ ಕಡಿಮೆಯಾಗುತ್ತದೆ. ಆ ಕ್ಷಣ ಹಿಡಿದು ಜಾಬನ್ನು ನಿಲ್ಲಿಸಿದರೆ, ಬೇರೆ ಕಡೆಗೆ ಸಾಗಿಸಿದರೆ ಖರ್ಚು ಬಹಳ ಕಡಿಮೆ. ಉಸಿರಾಟದ ಲಯ ಹಿಡಿದು ಕೆಲಸ ಮಾಡಿದ ಹಾಗೆ. ಇದರಿಂದ ಕ್ಲಸ್ಟರ್‌ನ ಬಳಕೆ ಶೇ 26 ಹೆಚ್ಚಿತು ಎಂದು ಅವರು ತೋರಿಸಿದರು. 2023ರಲ್ಲಿ ಬರ್ಕ್ಲಿಯಿಂದ ಬಂದ ವಿಎಲ್‌ಎಲ್‌ಎಂ ಕೂಡ ಇದೇ ಜಾತಿಯ ಉಪಾಯ. ಚಾಟ್ ಮಾಡೆಲ್‌ಗಳು ನಡೆದ ಮಾತನ್ನು ನೆನಪಿಡಲು ಹಿಡಿದಿಟ್ಟ ಮೆಮೊರಿಯಲ್ಲಿ, ಅದುವರೆಗಿನ ವ್ಯವಸ್ಥೆಗಳು ನಿಜವಾಗಿ ಬಳಸುತ್ತಿದ್ದದ್ದು ಶೇ 20ರಿಂದ 38 ಮಾತ್ರ. ಆಪರೇಟಿಂಗ್ ಸಿಸ್ಟಮ್ ಪಾಠದಲ್ಲಿ ನೀವು ಓದುವ ಪೇಜಿಂಗನ್ನೇ, ಅಂದರೆ ಮೆಮೊರಿಯನ್ನು ಚಿಕ್ಕ ತುಂಡುಗಳಾಗಿ ಬೇಕಾದಾಗ ಮಾತ್ರ ಕೊಡುವುದನ್ನೇ, ಅಲ್ಲಿಗೆ ತಂದು ಆ ಪೋಲನ್ನು ನಿಲ್ಲಿಸಿದರು. ಪೇಜಿಂಗ್ ಬಂದದ್ದು 1962ರ ಅಟ್ಲಾಸ್ ಯಂತ್ರದಲ್ಲಿ. ಹಳೆಯ ಪಾಠಗಳನ್ನು ಗಟ್ಟಿ ಮಾಡಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಕಂಟೇನರ್, ಕ್ಯೂಬರ್ನೆಟಿಸ್ ಬಗ್ಗೆ ಇಲ್ಲಿ ವಿಸ್ತರಿಸುವುದಿಲ್ಲ. ಅವು ಒಳ್ಳೆಯ ಉಪಕರಣಗಳು, ನಿಮ್ಮ ಅಣ್ಣನೇ ಚೆನ್ನಾಗಿ ಕಲಿಸಬಲ್ಲ.

ಈಗ ನಿಮ್ಮ ಲ್ಯಾಬ್. ಮೊದಲಿಗೆ ಒಂದು ಎಚ್ಚರಿಕೆ, ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ. ಕ್ಲೌಡ್‌ಸಿಮ್ ಎಂಬ ಸಿಮ್ಯುಲೇಟರ್ ನಿಮಗೆ ಗೊತ್ತಿರಬಹುದು. ಮೈಸೂರು ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಓದಿ ಈಗ ಮೆಲ್ಬರ್ನ್‌ನಲ್ಲಿರುವ ರಾಜ್‌ಕುಮಾರ್ ಬುಯ್ಯ ಅವರ ತಂಡ ಕೊಟ್ಟದ್ದು. ಲ್ಯಾಪ್‌ಟಾಪಿನಲ್ಲೇ ಇಡೀ ಡೇಟಾ ಸೆಂಟರ್ ಕಟ್ಟಿ ನೋಡಬಹುದು, ಬಹಳ ಉಪಯುಕ್ತ. ಆದರೆ ಅದರಲ್ಲಿ ಮನಸ್ಸಿಗೆ ಬಂದ ಅಂಕಿಗಳನ್ನು ತುಂಬಿ, ಇರುವೆ, ಜೇನು, ತೋಳದ ಹೆಸರಿನ ಅಲ್ಗಾರಿದಮ್ ಓಡಿಸಿ 'ನನ್ನದೇ ಉತ್ತಮ' ಎಂದು ಮುಗಿಸುವ ಎಂ.ಟೆಕ್. ವರದಿಗಳನ್ನು ನಾನು ಲೆಕ್ಕವಿಲ್ಲದಷ್ಟು ಓದಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ನಿಜವಾದ ದಾಖಲೆಗಳು ಪುಕ್ಕಟೆಯಾಗಿ ಸಿಗುತ್ತವೆ. ಗೂಗಲ್ 2019ರ ಮೇ ತಿಂಗಳಲ್ಲಿ ತನ್ನ ಎಂಟು ಕ್ಲಸ್ಟರ್‌ಗಳಲ್ಲಿ ನಡೆದದ್ದನ್ನು ಬಿಡುಗಡೆ ಮಾಡಿದೆ. ಹೀಬ್ರೂ ವಿಶ್ವವಿದ್ಯಾಲಯದವರು ಹಲವು ಸೂಪರ್‌ಕಂಪ್ಯೂಟರ್‌ಗಳ ಜಾಬ್ ದಾಖಲೆಗಳನ್ನು ಒಂದೇ ಮಾದರಿಯಲ್ಲಿ ಜೋಡಿಸಿಟ್ಟಿದ್ದಾರೆ, ಅವು ಚಿಕ್ಕವು, ನಿಮ್ಮ ಡೆಸ್ಕ್‌ಟಾಪ್‌ನಲ್ಲೇ ಓಡುತ್ತವೆ. ಮೈಕ್ರೋಸಾಫ್ಟ್‌ನ ಸರ್ವರ್‌ಲೆಸ್ (ಕರೆ ಬಂದಾಗ ಮಾತ್ರ ಪ್ರೋಗ್ರಾಂ ಓಡಿಸುವ ಕ್ಲೌಡ್ ಸೇವೆ) ದಾಖಲೆಯೂ ಇದೆ. ಅಲ್ಲಿನ ಶೇ 81ರಷ್ಟು ಅಪ್ಲಿಕೇಶನ್‌ಗಳನ್ನು ಸರಾಸರಿ ನಿಮಿಷಕ್ಕೊಮ್ಮೆ ಅಥವಾ ಅದಕ್ಕಿಂತ ಅಪರೂಪಕ್ಕೆ ಕರೆಯುತ್ತಾರೆ. ಅಷ್ಟು ಅಪರೂಪದ ಅತಿಥಿಗಾಗಿ ಒಲೆ ಉರಿಸಿಟ್ಟುಕೊಂಡೇ ಇರಬೇಕೇ, ಬಂದ ಮೇಲೆ ಹಚ್ಚಬೇಕೇ ಎಂಬುದೇ ಒಂದು ಪ್ರಾಜೆಕ್ಟ್.

ಮೂವತ್ತು ಡೆಸ್ಕ್‌ಟಾಪ್‌ಗಳಿಗೆ ಎಚ್‌ಟಿಕಾಂಡರ್ ಎಂಬ ತಂತ್ರಾಂಶ ಹಾಕಿ. 1980ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲಿ ಮಿರಾನ್ ಲಿವ್ನಿ ತಂಡ, ಬಳಸದೆ ಬಿದ್ದಿರುವ ಯಂತ್ರಗಳ ಸಮಯವನ್ನು ಕೂಡಿಸಿಕೊಳ್ಳಲೆಂದೇ ಶುರು ಮಾಡಿದ್ದು ಇದು. ಸಂಜೆ ಲ್ಯಾಬ್ ಮುಚ್ಚಿದ ಮೇಲೆ ನಿಮ್ಮದೊಂದು ಗ್ರಿಡ್ ತಯಾರು. ಒಂದೇ ಕೆಲಸವನ್ನು ಮೂವತ್ತಕ್ಕೂ ಹಂಚಿ, ಪ್ರತಿ ಯಂತ್ರ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಬರೆದಿಡಿ. ತಡ ಮಾಡುವ ಒಂದೆರಡು ಸಿಕ್ಕೇ ಸಿಗುತ್ತವೆ. ಧೂಳು ತುಂಬಿದ ಫ್ಯಾನೋ, ಸಡಿಲವಾದ ಕೇಬಲ್ಲೋ, ಸಾಯುತ್ತಿರುವ ಡಿಸ್ಕೋ ಎಂದು ಹುಡುಕಿ.

ನಾನು ನಿಮ್ಮ ಜಾಗದಲ್ಲಿದ್ದರೆ ತೆಗೆದುಕೊಳ್ಳುತ್ತಿದ್ದ ವಿಷಯ ದಿನದ ಹೊತ್ತಿಗೆ ಸಂಬಂಧಿಸಿದ್ದು. ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್‌ನದು. ಅದರ ಕರೆಂಟು ಮಧ್ಯಾಹ್ನ ಧಾರಾಳ, ರಾತ್ರಿ ಇಲ್ಲ. ಕ್ಲಸ್ಟರ್ ಜಾಬ್‌ಗಳಲ್ಲಿ ಕೆಲವು ಈಗಲೇ ಓಡಬೇಕು, ಎಷ್ಟೋ ನಾಳೆ ಮಧ್ಯಾಹ್ನದವರೆಗೆ ಕಾಯಬಲ್ಲವು. ಗೂಗಲ್ 2020ರಿಂದ ತನ್ನ ಕೆಲಸಗಳನ್ನು ಹೀಗೆ ಸ್ವಚ್ಛ ವಿದ್ಯುತ್ತಿನ ಹೊತ್ತಿಗೆ ಸರಿಸುತ್ತಿದೆ. ಆದರೆ ಅಲ್ಲಿ ಎಲ್ಲ ಯಂತ್ರಕ್ಕೂ ಒಡೆಯ ಒಬ್ಬನೇ. ವಿಶ್ವವಿದ್ಯಾಲಯದ ಕ್ಲಸ್ಟರ್‌ನಲ್ಲಿ ಪ್ರತಿ ಜಾಬಿನ ಹಿಂದೆ ಪ್ರಬಂಧದ ಗಡುವು ಹಿಡಿದು ಕೂತ ವಿದ್ಯಾರ್ಥಿ ಇರುತ್ತಾಳೆ. ಅವಧಿಯನ್ನು ಹೆಚ್ಚು ಬರೆಯುವ ಅವಳ ಹೆದರಿಕೆಯೂ ಜೊತೆಗಿರುತ್ತದೆ. ಕಾಯುವ ಕಷ್ಟ ಯಾವಾಗಲೂ ಒಬ್ಬರ ಮೇಲೇ ಬೀಳದಂತೆ, ಸೂರ್ಯನ ಹೊತ್ತಿಗೆ ಸರದಿಯನ್ನು ಹೊಂದಿಸುವುದು ಹೇಗೆ? ಹೀಬ್ರೂ ವಿಶ್ವವಿದ್ಯಾಲಯದ ದಾಖಲೆಗಳಲ್ಲಿ ಯಾರು ಎಷ್ಟು ಕೇಳಿದರು, ಎಷ್ಟು ಬಳಸಿದರು, ಎಷ್ಟು ಕಾದರು ಎಂಬ ಮೂರೂ ಇವೆ. ಬ್ಯಾಕ್‌ಫಿಲ್ ಮಾಡುವ ಚಿಕ್ಕ ಸಿಮ್ಯುಲೇಟರನ್ನು ನೀವೇ ಬರೆಯಿರಿ, ಪೈಥಾನ್‌ನಲ್ಲಿ ಮುನ್ನೂರು ಸಾಲು ಆದೀತು. ಮೊದಲು ಸೂರ್ಯನನ್ನು ಬಿಟ್ಟು ಓಡಿಸಿ, ದಾಖಲೆಯಲ್ಲಿರುವ ಕಾಯುವ ಸಮಯಕ್ಕೆ ನಿಮ್ಮದು ಹತ್ತಿರ ಬರುತ್ತದೆಯೇ ನೋಡಿ. ಬರದಿದ್ದರೆ ಮುಂದಕ್ಕೆ ಹೋಗಬೇಡಿ, ಯಾಕೆ ಬರಲಿಲ್ಲ ಎಂದು ಹುಡುಕಿ. ಅದಕ್ಕೆ ಒಂದು ತಿಂಗಳು ಹಿಡಿದರೂ ಪರವಾಗಿಲ್ಲ. ಆಮೇಲೆ ಮಧ್ಯಾಹ್ನದ ಬಿಸಿಲನ್ನು ಲೆಕ್ಕಕ್ಕೆ ಸೇರಿಸಿ.